ತುಪ್ಪ ಚೆಲ್ಲಲಿಲ್ಲ, ಕಾಲು ಮುರಿಯಿತು

ಬೈಲಹೊಂಗಲದಿಂದ ರಾಮದುರ್ಗದ ತನಕ ಹರಡಿಕೊಂಡಿರುವ ನಮ್ಮ ಬಳಗದಲ್ಲಿ ಎಷ್ಟು ಹೊಟ್ಟೆಗಳು ಮುಂದೆ ಬಂದಿವೆಯೋ, ಎಷ್ಟು ಜನ ದಿನಾ ಕೊಲೆಸ್ಟ್ರಾಲಿನ ಗುಳಿಗೆ ನುಂಗುತ್ತಾರೋ, ಅಷ್ಟಕ್ಕೂ ಒಬ್ಬರೇ ಕಾರಣ. ಅವರು ನನ್ನ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ನನ್ನ ಗುಳಿಗೆ ಡಬ್ಬಿಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳುತ್ತಿದ್ದೇನೆ!

ಹಾಗಂತ ಕಾಕಾ ಅಡಿಗೆಯವರಲ್ಲ. ಅವರಿಗೆ ಚಹಾ ಮಾಡಲಿಕ್ಕೂ ಬರುವುದಿಲ್ಲ. ಅವರು ಬಡಿಸುವವರು. ಹೊಟ್ಟೆಪಾಡಿಗೆ ನವಿಲುತೀರ್ಥದ ಆಣೆಕಟ್ಟಿನ ಆಫೀಸಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದರು ಎನ್ನುವುದು ನಿಜ. ಆದರೆ ಅದು ಅವರ ನೌಕರಿ, ಕೆಲಸವಲ್ಲ. ಕೆಲಸ ಎಂದರೆ ಮದುವೆ, ಮುಂಜಿವೆ, ಮನೆ ಶಾಂತಿ, ಎಲ್ಲೇ ಎಲೆ ಹಾಕಿದರೂ ಕಚ್ಚೆ ಬಿಗಿದು, ಶಲ್ಯ ಸೊಂಟಕ್ಕೆ ಕಟ್ಟಿ, ತಮ್ಮದೇ ಹಿತ್ತಾಳೆಯ ಗಿಂಡಿಯಲ್ಲಿ ತುಪ್ಪ ಬಡಿಸುವುದು. ಸಾರನ್ನು ಯಾರಾದರೂ ಬಡಿಸಲಿ, ಹುಳಿಯನ್ನು ಯಾರಾದರೂ ಬಡಿಸಲಿ, ತುಪ್ಪಕ್ಕೆ ಮಾತ್ರ ಬೇರೆಯವರು ಕೈ ಹಚ್ಚುವ ಹಾಗಿಲ್ಲ! ಆಣೆಕಟ್ಟಿನಲ್ಲಿ ಗೇಟನ್ನು ಇಷ್ಟಿಷ್ಟೇ ಎತ್ತುವುದನ್ನು ನೋಡಿ ನೋಡಿ ಬೇಸತ್ತು, ಇಲ್ಲಿ ತುಪ್ಪದ ಗೇಟನ್ನು ಪೂರ್ತಿ ಎತ್ತಿಬಿಡುತ್ತಾರೆ ಎಂದು ನನ್ನ ಅಪ್ಪ ಹೇಳುತ್ತಿದ್ದರು.

ಬಡಿಸುವುದಕ್ಕೆ ಕಾಕಾನ ಕಾಯಿದೆಯೇ ಬೇರೆ. "ಸಾಕು ಅಂದವರಿಗೆ ಇನ್ನೊಂದು ಧಾರಿ, ಬ್ಯಾಡ ಅಂದವರಿಗೆ ಎರಡು, ಎಲಿಗೆ ಕೈ ಅಡ್ಡ ಹಿಡಿದವರಿಗೆ ಕೈಮ್ಯಾಲೆ!" ಇದು ಬಾಯಿಮಾತು ಎಂದುಕೊಂಡಿದ್ದ ಸವದತ್ತಿಯ ಬೀಗರೊಬ್ಬರು ಒಮ್ಮೆ ನಿಜವಾಗಿಯೂ ಕೈ ಅಡ್ಡ ಹಿಡಿದರು. ಆ ಕೈಯಲ್ಲಿ ಅಳಿಯ ಕೊಟ್ಟ ಹೊಸ ಗಡಿಯಾರವಿತ್ತು. ತುಪ್ಪ ಬಿತ್ತು. ಬೀಗರ ಮುಖ ಕೆಂಪಾಯಿತು. ಕಾಕಾ ಮಾತ್ರ ಮುಂದಿನ ಎಲೆಗೆ ಹೋಗುತ್ತ ಹೇಳಿದರು: "ಛಲೋ ಆತು ಬಿಡ್ರಿ, ಇನ್ನ ಮ್ಯಾಲೆ ಗಡಿಯಾರ ಸಲೀಸ ಓಡ್ತದ!"

ಇಂಥವರನ್ನು ಬಫೆ ಊಟಕ್ಕೆ ಕರೆಯಬಾರದು. ರಾಮದುರ್ಗದ ನಮ್ಮ ನೆಂಟರಿಗೆ ಅದು ಗೊತ್ತಿರಲಿಲ್ಲ, ಕರೆದುಬಿಟ್ಟರು! ಜನ ತಾಟು ಹಿಡಿದು ನಿಂತು, ಬಾಯಿಯಲ್ಲಿ ತುತ್ತು, ಕಿವಿಯಲ್ಲಿ ಫೋನು ಇಟ್ಟುಕೊಂಡು ಉಣ್ಣುವುದನ್ನು ನೋಡಿ ಕಾಕಾ ಬಾಗಿಲಲ್ಲೇ ಗರ ಬಡಿದವರಂತೆ ನಿಂತರು. ಆಮೇಲೆ ಸೀದಾ ಹೋಗಿ ಮೇಜಿನ ಮೇಲಿನ ತುಪ್ಪದ ಪಾತ್ರೆಯನ್ನು ಎತ್ತಿಕೊಂಡರು. "ನಿಂತು ಉಣ್ಣೋರಿಗೆ ನಾನೂ ನಿಂತ ಬಡಸತೇನಿ, ಬರ್ರಿ!" ಜನ ಓಡತೊಡಗಿದರು. ದಪ್ಪಗಿನ ಒಬ್ಬರು ತಾಟಿನ ಸಮೇತ ಹೊರಗೆ ಹೋಗಿ ತಮ್ಮ ಮೋಟರ್ ಸೈಕಲ್ ಹತ್ತಿ ಕೂತಿದ್ದರಂತೆ. ಕಾಕಾ ಅಲ್ಲಿಗೂ ಹೋದರು. ಹೆಲ್ಮೆಟ್ ಹಾಕಿದ್ದಕ್ಕೆ ಅವರ ತಲೆಯೊಂದು ಉಳಿಯಿತು, ಉಳಿದದ್ದೆಲ್ಲ ತುಪ್ಪವಾಯಿತು!

ಕಾಕಾನ ಹೆಂಡತಿ, ನಮ್ಮ ಕಾಕು, ಮಾತು ಕಡಿಮೆ. ಆದರೆ ಆಡಿದ ಒಂದೊಂದು ಮಾತೂ ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ. ಒಮ್ಮೆ ಎಲ್ಲರೂ ಕೂತು ಕಾಕಾನ ತುಪ್ಪದ ಗುಣಗಾನ ಮಾಡುತ್ತಿದ್ದಾಗ ನಾನು ಕೇಳಿದೆ: "ಕಾಕು, ನಿಮಗ ಕಾಕಾ ಬಡಿಸಿದ ತುಪ್ಪಾ ಹ್ಯಾಂಗ ಅನಸ್ತದರೀ?"

"ನಂಗೇನ ಗೊತ್ತವಾ? ನಂದು ಯಾವಾಗ್ಲೂ ಕಡೀ ಪಂಕ್ತಿ. ನಾ ಎಲಿ ಮುಂದ ಕೂಡೋದರಾಗ ಇವರು ಗಿಂಡಿ ತೊಳದು ಬೋರಲ ಹಾಕಿ ಇಟ್ಟಿರ್ತಾರ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕರು.

ಇಂಥ ಕಾಕಾ ಬಿದ್ದದ್ದು ಕಿತ್ತೂರಿನಲ್ಲಿ, ಒಂದು ಮುಂಜಿವೆಯ ಊಟದಲ್ಲಿ. ನಾನು ಕಣ್ಣಾರೆ ನೋಡಿದ್ದೇನೆ. ಎರಡನೆಯ ಪಂಕ್ತಿ. ಯಾರದೋ ಎಲೆಯ ಪಾಯಸ ಹರಿದು ಮಂಗಲ ಕಾರ್ಯಾಲಯದ ಹೊಳೆಯುವ ಟೈಲ್ಸಿನ ಮೇಲೆ ಬಂದಿದೆ. ಕಾಕಾ "ತುಪ್ಪಾ... ತುಪ್ಪಾ... ಸಾವಕಾಶ ಆಗ್ಲಿ" ಎನ್ನುತ್ತ ಬರಿಗಾಲಲ್ಲಿ ಓಡುತ್ತ ಬಂದರು. ಪಾಯಸದ ಮೇಲೆ ಕಾಲು ಬಿತ್ತು. ಒಂದು ಕಾಲು ಭಟ್ಟರ ಕಡೆ, ಇನ್ನೊಂದು ಕಾಲು ಬೀಗರ ಕಡೆ! ಮೈ ಪೂರಾ ನೆಲಕ್ಕೆ. ಆದರೆ ಬಲಗೈ? ಬಲಗೈ ನೆಟ್ಟಗೆ ಮೇಲೆ. ಆ ಕೈಯಲ್ಲಿ ಗಿಂಡಿ. ಗಿಂಡಿಯಿಂದ ಒಂದು ಹನಿ ತುಪ್ಪವೂ ಚೆಲ್ಲಿರಲಿಲ್ಲ!

"ಮೊದಲು ಗಿಂಡಿ ಹಿಡೀರಿ!" ಎಂದು ಕೂಗಿದರು. ಯಾರೋ ಗಿಂಡಿ ಹಿಡಿದರು. ಆಮೇಲೆ ನೋಡಿದರೆ ಬಲಗಾಲಿನ ಹರಡು, ಅಂದರೆ ಪಾದದ ಗಂಟು, ಇರಬೇಕಾದ ಕಡೆ ಇರಲಿಲ್ಲ, ಪಾದ ಬೇರೆ ಯಾರದೋ ಪಾದದಂತೆ ಆ ಕಡೆ ಮುಖ ಮಾಡಿತ್ತು. ನಾಲ್ಕು ಜನ ಎತ್ತಿ ಕಾರಿನಲ್ಲಿ ಹಾಕುತ್ತಿದ್ದರೆ, ಅಯ್ಯೋ ಅಪ್ಪಾ ಎನ್ನಬೇಕಾದ ಮನುಷ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೆನ್ನಬೇಕು? "ಆ ಗ್ವಾಡಿ ಕಡೆ ಸಾಲಿಗೆ ತುಪ್ಪಾ ಆಗಿಲ್ಲೋ!"

ಬೈಲಹೊಂಗಲದ ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತೆಗೆದ ಡಾಕ್ಟರು ಎಲುಬು ಮುರಿದಿದೆ, ಆಪರೇಶನ್ ಆಗಲೇಬೇಕು ಎಂದರು. "ನಾಳೆ ಮಾಡೂಣ್ರಿ. ಮುಂಜಾನಿಂದ ಉಪವಾಸ ಇರ್ರಿ" ಎಂದು ಹೇಳಿ ಹೋದರು. ಮರುದಿನ ಡಾಕ್ಟರು ಕೈಗೆ ಗ್ಲೌಸು ಹಾಕುವ ಮೊದಲು, "ಏನೂ ತಿಂದಿಲ್ಲ ಹೌದಲ್ರಿ?" ಎಂದು ಕೇಳಿದರು.

"ಛೇ ಛೇ! ಕಡಕ್ ಉಪವಾಸ! ಒಂದಿಷ್ಟ ಸಾಬುದಾಣಿ ಖಿಚಡಿ, ಎರಡ ಬಾಳಿಹಣ್ಣು, ಒಂದ ವಾಟಗಾ ಹಾಲು, ಅಷ್ಟ!"

ಡಾಕ್ಟರು ಹಣೆ ಹಣೆ ಗಟ್ಟಿಸಿಕೊಂಡರು. "ಏನ್ರಿ ಅಜ್ಜಾರ ಇದು!"

"ಯಾಕ್ರಿ? ಏಕಾದಶಿಗೆ ಇಷ್ಟು ನಡೀತದಲ್ಲ?"

"ಏಕಾದಶಿ ನಡೀತೈತ್ರಿ, ಆಪರೇಶನ್ ನಡ್ಯಂಗಿಲ್ಲ!"

ಆಪರೇಶನ್ ಮುಂದಕ್ಕೆ ಹೋಯಿತು. ಈ ಸಲ ಡಾಕ್ಟರು ಮಂಚದ ಹತ್ತಿರವೇ ಕೂತು, ಅನ್ನವಿಲ್ಲ, ಹಣ್ಣಿಲ್ಲ, ಹಾಲಿಲ್ಲ, ನೀರನ್ನೂ ಮುಟ್ಟಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಕಾಕಾನ ಮುಖ ಅರಳಿತು. "ಓಹೋ, ನಿರ್ಜಲಾ ಅನ್ರಿ ಮತ್ತ! ಮೊದಲ ಹಂಗ ಸ್ವಚ್ಛ ಹೇಳಬಾರದ?"

ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಶನ್ ಆದ್ದರಿಂದ ಕಾಕಾ ಎಚ್ಚರವಾಗಿಯೇ ಇದ್ದರು. ಒಳಗೆ ಆ ಡಾಕ್ಟರ ಮನೆಯ ಮುಂದಿನ ಶುಭಕಾರ್ಯ ಯಾವುದು, ಎಷ್ಟು ಎಲೆ, ತುಪ್ಪ ಎಮ್ಮೆಯದೋ ಆಕಳದೋ ಎಲ್ಲವನ್ನೂ ವಿಚಾರಿಸಿಕೊಂಡರಂತೆ. ಹೊರಗೆ ತಂದ ಮೇಲೆ ಡಾಕ್ಟರು ನಮಗೆ ಹೇಳಿದರು: "ಒಳಗ ಒಂದ ಪ್ಲೇಟು, ಸ್ಕ್ರೂ ಹಾಕೇವ್ರಿ. ಇನ್ನ ಕಾಳಜಿ ಇಲ್ಲ." ಮಂಪರಿನಲ್ಲಿದ್ದ ಕಾಕಾ ಗಾಬರಿಯಾಗಿ ಕಣ್ಣು ಬಿಟ್ಟರು. "ಪ್ಲೇಟ? ಜಲಮೆಲ್ಲಾ ಬಾಳಿಎಲಿ ಸಲುವಾಗಿ ಬಡದಾಡಿದವಗ ಕಾಲಾಗ ಪ್ಲೇಟ ಹಾಕಿದ್ರ?"

ಮನೆಗೆ ಬಂದರು. ಪಡಸಾಲೆಯಲ್ಲಿ ಮಂಚ ಬಿತ್ತು. ಪಟ್ಟಿ ಸುತ್ತಿದ ಕಾಲು ದಿಂಬಿನ ಮೇಲೆ ದೇವರ ಹಾಗೆ ಕುಳಿತಿತ್ತು. ನೆಲಕ್ಕೆ ಕಾಲು ಊರಬಾರದು, ಮೇಲೇಳಬಾರದು. ಕಾಲು ಕಟ್ಟಿದರೇನಾಯಿತು, ಬಾಯಿ ಯಾರು ಕಟ್ಟುತ್ತಾರೆ? ಕಾಕು ಊಟ ತಂದಿಟ್ಟರೆ ಸಾಕು, ಶುರು! "ಮೊದಲು ಉಪ್ಪು ಎಲ್ಲದ? ಕೋಸಂಬರಿ ಎಡಕ್ಕ ಬರಬೇಕೋ ಬಲಕ್ಕೋ? ತೊವ್ವೆ ಹಾಕೋಕಿಂತ ಮೊದಲು ತುಪ್ಪಾ ಯಾಕ ಬಂತು?"

"ಇದು ಮನಿ ಅದರೀ, ಮದವಿಮನಿ ಅಲ್ಲ. ತಾಟಿನಾಗ ಇರೋದೆಲ್ಲಾ ಕಡೀಕ ಒಂದ ಹೊಟ್ಟಿಗೆ ಹೋಗ್ತದ, ಉಣ್ರಿ."

ಕಾಲು ನೋಡಲು ಬಂದವರ ಕಥೆಯಂತೂ ಕೇಳಲೇಬೇಡಿ! ಊರಲ್ಲಿ ಯಾರ ಯಾರ ಎಲುಬು ಯಾವಾಗ ಮುರಿದಿತ್ತೋ ಅವರೆಲ್ಲ ಬಂದು ತಮ್ಮ ತಮ್ಮ ಎಲುಬಿನ ಪುರಾಣ ಹೇಳಿದರು. ಒಬ್ಬರು ಕಟಕೋಳದಲ್ಲಿ ಎಲೆ ಅರೆದು ಕಟ್ಟುವವರಿದ್ದಾರೆ ಎಂದರು. ಇನ್ನೊಬ್ಬರು ನಮ್ಮ ಮಾವನ ಕಾಲು ಹಿಂಗೇ ಆಗಿತ್ತು ಎಂದು ಹುಮ್ಮಸ್ಸಿನಿಂದ ಶುರು ಮಾಡಿ, ಆಮೇಲೆ ಆ ಮಾವ ತೀರಿಹೋದದ್ದು ನೆನಪಾಗಿ ನಡುವೆಯೇ ಚಹಾ ಕುಡಿಯತೊಡಗಿದರು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಅವರು ನಮ್ಮ ಕಾಕಾ ಹೇಗಾದಾರು? ಮಂಚದಿಂದಲೇ ಹುಕುಂ. "ಏ, ಇವರಿಗೆ ಅವಲಕ್ಕಿ! ಅವರಿಗೆ ಉಂಡಿ! ಅಯ್ಯ, ಆ ತಾಟ ಖಾಲಿ ಆತಲ್ಲ, ಕಾಣಸೂದಿಲ್ಲೇನು?" ಕಾಕು ಒಳಗಿಂದ ಹೊರಗೆ, ಹೊರಗಿಂದ ಒಳಗೆ. ನಾನು ಹೋದ ಒಂದು ಭಾನುವಾರ ಕಾಕು ಬೇಸಿನ್ನಿನ ಮುಂದೆ ನಿಂತು ತಮ್ಮ ಕಾಲನ್ನು ತಾವೇ ತಿಕ್ಕಿಕೊಳ್ಳುತ್ತಿದ್ದರು. "ಕಾಲ ಮುರದದ್ದು ಅವರದು, ಸವದದ್ದು ನಂದು ನೋಡವಾ" ಎಂದು ನಕ್ಕರು.

ಇಷ್ಟಾದರೆ ನಗುತ್ತ ಕಥೆ ಮುಗಿಸಬಹುದಿತ್ತು. ಆದರೆ ಪಟ್ಟಿ ಬಿಚ್ಚಿದ ಮೇಲೆ ನಮ್ಮ ನಗುವೇ ನಿಂತುಹೋಯಿತು.

ಬಿಚ್ಚಿದಾಗ ಒಳಗೆ ಸಿಕ್ಕದ್ದು ನುಗ್ಗೆಕಾಯಿಯಂಥ ಒಂದು ಕಾಲು. ಅದಕ್ಕೆ ವ್ಯಾಯಾಮ ಮಾಡಿಸಲು ಬಂದವರು ಉಗರಗೋಳದ ಕಡೆಯ ಒಬ್ಬ ಹೆಣ್ಣುಮಗಳು, ಫಿಜಿಯೋ ಓದಿದವರು. ನಮ್ಮ ಕಡೆ ಸಾಲಿ ಟೀಚರಮ್ಮನನ್ನು ಕರೆಯುವ ಹಾಗೆ ಕಾಕಾ ಅವರನ್ನು ಬಾಯಾರ ಎಂದು ಕರೆಯುತ್ತಿದ್ದರು. ಬಾಯಾರು ಬಲು ಜೋರು. "ಏಳ್ರಿ ಅಜ್ಜಾರ, ಹೆಜ್ಜಿ ಇಡ್ರಿ! ಎಲುಬು ಕಲ್ಲ ಕೂಡಿದಂಗ ಕೂಡೈತಿ, ಏನೂ ಆಗಾಂಗಿಲ್ಲ." ಕಾಕಾ ಎದ್ದು ನಿಂತರು. ಕೋಲು ಹಿಡಿದರು. ನೆಲ ನೋಡಿದರು. ಅದು ಅವರದೇ ಪಡಸಾಲೆಯ ಕಡಪಾ ಕಲ್ಲು, ಜೀವನವೆಲ್ಲ ಓಡಾಡಿದ ನೆಲ. ಕೂತುಬಿಟ್ಟರು. ನಾಳೆ ನೋಡೋಣ ಎಂದರು. ಮರುದಿನ ಜ್ವರ ಬಂದ ಹಾಗಿದೆ ಎಂದರು. ಅದರ ಮರುದಿನ ಅಮಾವಾಸ್ಯೆ, ಹೊಸ ಕೆಲಸ ಬೇಡ ಎಂದರು!

"ಕಾಲಾಗ ಏನೂ ಇಲ್ರಿ ಅಮ್ಮಾರ" ಎಂದು ಬಾಯಾರು ಕಾಕುವಿಗೆ ಹೇಳಿದರು. "ತಲ್ಯಾಗ ಅಂಜಿಕಿ ಕುಂತೈತಿ. ಅದಕ್ಕ ನನ್ನ ಕಡೆ ವ್ಯಾಯಾಮ ಇಲ್ಲ."

ಅಷ್ಟರಲ್ಲಿ ನನ್ನ ಮಗಳ ಲಗ್ನ ಸವದತ್ತಿಯಲ್ಲಿ ಗೊತ್ತಾಯಿತು. ಅವಳು ತೊಟ್ಟಿಲಲ್ಲಿದ್ದಾಗಲೇ "ಇಕಿ ಲಗ್ನದಾಗ ತುಪ್ಪಾ ನಂದು" ಎಂದು ಮುಂಗಡ ಕಾದಿರಿಸಿದ ಮನುಷ್ಯ ಕಾಕಾ. ನಾನು ಕುಣಿಯುತ್ತ ಬೈಲಹೊಂಗಲಕ್ಕೆ ಹೋಗಿ ಕುಂಕುಮ, ಅಕ್ಷತೆ ಕೊಟ್ಟು ಕರೆದೆ. ಕಾಕಾ ಅಕ್ಷತೆ ತೆಗೆದುಕೊಂಡರು. "ತುಪ್ಪಕ್ಕ ಯಾರರ ಹುಡುಗರಿಗೆ ಹೇಳು ತಂಗಿ" ಎಂದರು.

"ಏನಂದ್ರಿ ಕಾಕಾ?"

"ಕೇಟರಿಂಗ್‌ನವರು ಇರ್ತಾರಲ್ಲ. ಛಲೋ ಬಡಸ್ತಾರ ಅವರು."

ಕೇಟರಿಂಗ್‌ನವರು ಛಲೋ ಬಡಿಸುತ್ತಾರಂತೆ! ಈ ಮಾತು ಕಾಕಾನ ಬಾಯಿಂದ! ಒಳಗೆ ಹೋಗಿ ಕಾಕುವನ್ನು ನೋಡಿದೆ. ಕಾಕು ಅಡಿಗೆಮನೆಯ ಅಟ್ಟದ ಕಡೆ ಕಣ್ಣು ತೋರಿಸಿದರು. ಅಲ್ಲಿ ಹಳೆಯ ಹಂಡೆ, ಒಡೆದ ಜರಡಿಗಳ ಜೊತೆಗೆ ಹಿತ್ತಾಳೆಯ ಗಿಂಡಿ ಬೋರಲು ಬಿದ್ದಿತ್ತು.

ನಾನು ತಡೆಯಲಾರದೆ ಹೊರಗೆ ಬಂದು ಜಗಳವನ್ನೇ ತೆಗೆದೆ. "ಒಮ್ಮೆ ಬಿದ್ರ ಏನಾತ್ರಿ? ಇಷ್ಟ ಅಂಜತೀರೇನು? ನೀವ ಬಡಸಲಿಲ್ಲಂದ್ರ ನಾ ತುಪ್ಪಾನ ಮಾಡಸೂದಿಲ್ಲ. ಬೀಗರು ಒಣಾ ಅನ್ನಾ ಉಣ್ಣಲಿ!"

ಕಾಕಾ ಕಾಲು ನೀವಿಕೊಳ್ಳುತ್ತ ಹೇಳಿದರು: "ಬಿದ್ದದ್ದಕ್ಕಲ್ಲ ತಂಗಿ. ಕಿತ್ತೂರಾಗ ನನ್ನ ಕಾರಿನಾಗ ಹಾಕಿದ್ರಲ್ಲ, ಗಾಡಿ ಇನ್ನೂ ಗೇಟ ದಾಟಿದ್ದಿಲ್ಲ. ಒಳಗಿಂದ ಆವಾಜ್ ಬಂತು, ತುಪ್ಪಾ... ತುಪ್ಪಾ... ಅಂತ. ಯಾರೋ ಬಡಸಲಿಕ್ಕೆ ಹತ್ತಿದ್ರು. ಜನಾ ಉಣ್ಣಲಿಕ್ಕೆ ಹತ್ತಿದ್ರು. ನಾ ಇಲ್ಲಂದ್ರೂ ಪಂಕ್ತಿ ನಡೀತದ. ಇಷ್ಟ ವರ್ಷ ಇದು ನನಗ ಗೊತ್ತಿದ್ದಿಲ್ಲ ನೋಡು."

ಕಾಕಾನ ಕಣ್ಣು ತುಂಬಿತ್ತು. ಪಂಕ್ತಿ ನಡೆಯುವುದಿಲ್ಲ ಎಂದು ಸುಳ್ಳು ಹೇಳಲೇ? ಬಾಗಿಲಲ್ಲಿ ನಿಂತಿದ್ದ ಕಾಕು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು.

ಮುಂದಿನ ಭಾನುವಾರ ನಾನು ಹೋದಾಗ ಪಡಸಾಲೆಯಲ್ಲಿ ಕಂಡದ್ದನ್ನು ಈಗಲೂ ನಂಬಲಾಗುವುದಿಲ್ಲ. ಎದುರು ಬದುರಾಗಿ ಎರಡು ಸಾಲು ಬಾಳೆಎಲೆ! ಎಲೆಗಳ ಸುತ್ತ ರಂಗೋಲಿ! ಉಣ್ಣುವವರು ಮಾತ್ರ ಒಬ್ಬರೂ ಇಲ್ಲ. ನಡುವೆ ಬಾಯಾರು ಬೆರಗಾಗಿ ನಿಂತಿದ್ದಾರೆ. ಕಾಕು ಅಟ್ಟದಿಂದ ಇಳಿಸಿದ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ನೀರು ತುಂಬಿ, ಕಾಕಾನ ಮಂಚದ ಮೇಲೆ ಇಟ್ಟಿದ್ದಾರೆ.

"ಏನಿದು ಹುಚ್ಚಾಟ?" ಎಂದರು ಕಾಕಾ.

"ಏನಿಲ್ಲ. ಎಲಿ ಹಾಕೇನಿ. ಖಾಲಿ ಎಲಿ ಮುಂದ ಇಟಗೊಂಡು ನೀವು ಎಷ್ಟೊತ್ತು ಸುಮ್ನ ಕೂಡ್ತೀರಿ ನಾನೂ ನೋಡ್ತೇನಿ."

ಕಾಕು ಒಳಗೆ ಹೋದರು. ನಾವೂ ಸುಮ್ಮನೆ ಗೋಡೆಗೆ ಒರಗಿ ನಿಂತೆವು. ಕಾಕಾ ಎಲೆ ನೋಡಿದರು. ಮುಖ ಆ ಕಡೆ ತಿರುಗಿಸಿದರು. ಮತ್ತೆ ಎಲೆ ನೋಡಿದರು. ಚಡಪಡಿಸಿದರು. "ಆ ಮೂರನೇ ಎಲಿ ತುದಿ ಉಲ್ಟಾ ಹಾಕ್ಯಾಳ ನೋಡು" ಎಂದರು. ಯಾರೂ ತಿರುಗಿಸಲಿಲ್ಲ. ಕೊನೆಗೆ ತಡೆಯಲಾಗಲಿಲ್ಲ ನೋಡಿ, ಕೋಲು ಹಿಡಿದು ಎದ್ದೇಬಿಟ್ಟರು! ಎದ್ದವರು ಗಿಂಡಿಯನ್ನೂ ಎತ್ತಿಕೊಂಡರು. ಒಂದು ಹೆಜ್ಜೆ. ಕಾಲು ನಡುಗಿತು. ಬಾಯಾರು ಮುಂದೆ ಬಂದರೆ "ದೂರ ಸರೀರಿ ಬಾಯಾರ, ಎಲಿ ತುಳೀತೀರಿ!" ಎಂದು ಗದರಿದರು. ಇನ್ನೊಂದು ಹೆಜ್ಜೆ. ಮೊದಲ ಎಲೆಗೆ ನೀರು ಬಿತ್ತು. "ತುಪ್ಪಾ..." ಎಂದಿತು ಒಂದು ಸಣ್ಣ ದನಿ. ನಾನು ಕುಣಿದುಬಿಟ್ಟೆ! ಬಾಯಾರು ಚಪ್ಪಾಳೆ ತಟ್ಟಿದರು!

ಆಮೇಲೆ ದಿನಾ ಇದೇ ಆಯಿತು. ಬಾಯಾರು ಅಂಗಾಲು ಮೇಲೆ ಕೆಳಗೆ ಮಾಡಿಸುವುದು, ಕಾಕಾ ಖಾಲಿ ಎಲೆಗಳಿಗೆ ನೀರು ಬಡಿಸುವುದು, ಆಮೇಲೆ ಬಿಸಿನೀರಿನ ಶೇಕ. ಒಂದು ದಿನ ಎದುರು ಮನೆಯ ಗೌಡರು ಹೊರಗಿಂದ ಇಣುಕಿದ್ದಾರೆ. ಎಲೆ ಹಾಸಿದೆ, ಉಣ್ಣುವವರು ಕಣ್ಣಿಗೆ ಕಾಣುತ್ತಿಲ್ಲ, ಕಾಕಾ ಕಚ್ಚೆ ಹಾಕಿ ಗಂಭೀರವಾಗಿ ಎಲೆಎಲೆಗೂ ನೀರು ಬಿಡುತ್ತಿದ್ದಾರೆ. ಏನು ತಿಳಿದುಕೊಳ್ಳಬೇಕು ಪಾಪ! ಗೌಡರು ಚಪ್ಪಲಿ ಕಳೆದು, ತಲೆಯ ಪಟಗ ತೆಗೆದು, ಕೈಮುಗಿದು ನಿಂತು ಮೆಲ್ಲಗೆ ಕೇಳಿದರು: "ಯಾರ ತಿಥಿ ಐತ್ರಿ ಇವತ್ತ? ನಮಗ ಗೊತ್ತ ಆಗಲಿಲ್ಲ."

ಅಡಿಗೆಮನೆಯಿಂದ ಕಾಕುವಿನ ದನಿ ಬಂತು: "ಇವರ ಅಂಜಿಕೀದು, ಗೌಡ್ರ! ಕುಂತು ಪ್ರಸಾದ ತಗೊಂಡು ಹೋಗ್ರಿ!"

ಕಾಕಾ ನಕ್ಕ ನಗೆಗೆ ಗಿಂಡಿಯ ನೀರೆಲ್ಲ ಚೆಲ್ಲಿತು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿದ್ದೆವು. ಖುಷಿ ಹೆಚ್ಚಾಗಿ ಕಾಕಾ ಒಂದೊಂದು ಎಲೆಗೂ ಒಬ್ಬೊಬ್ಬರನ್ನು ಕೂಡಿಸತೊಡಗಿದರು. "ಇದು ಬೀಗರದು. ಇದು ಭಟ್ಟರದು, ಎರಡು ಧಾರಿ. ಇದು ಗಡಿಯಾರದವರದು, ಮೂರು!" ಹೀಗೆ ಬರುತ್ತ ಬರುತ್ತ ಅಡಿಗೆಮನೆಯ ಬಾಗಿಲ ಹತ್ತಿರದ ಕೊನೆಯ ಎಲೆಗೆ ಬಂದರು. "ಇದು... ಇದು ಯಾರದು?"

ಕಾಕು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದರು. "ಅದು ನಂದು ಅನ್ರಿ ಬೇಕಾದ್ರ. ಎಲಿನೂ ಖಾಲಿ, ತುಪ್ಪಾನೂ ನೀರು. ಯಾರು ಕೇಳತಾರ?" ಎಂದು ನಗುತ್ತ ಮತ್ತೆ ಒಲೆಯ ಕಡೆ ಹೋದರು.

ಕಾಕಾ ಆ ಎಲೆಯ ಮುಂದೆ ಗಿಂಡಿ ಹಿಡಿದು ನಿಂತೇ ಇದ್ದರು. ಬಡಿಸಲಿಲ್ಲ. ಕಾಲು ನೋಯುತ್ತಿರಬೇಕು ಎಂದು ನಾನೇ ಕೈಹಿಡಿದು ಮಂಚಕ್ಕೆ ಕರೆತಂದೆ.

ಲಗ್ನದ ದಿನ ಬಂತು. ಸವದತ್ತಿಯ ಕಾರ್ಯಾಲಯದವರು ಟೇಬಲ್ಲು, ಕುರ್ಚಿ ಎಂದರು. ಮೊದಲ ಪಂಕ್ತಿಯಾದರೂ ನೆಲದ ಮೇಲೆ ಎಂದು ನಾನು ಹಟ ಹಿಡಿದಿದ್ದೆ. ಕಾಕಾ ಕೋಲೂರಿಕೊಂಡು ಬಂದರು. ಗಿಂಡಿ ಕೈಚೀಲದಲ್ಲಿತ್ತು. ಅಕ್ಷತೆ ಬಿದ್ದು ಎಲೆಗಳು ಬಿದ್ದವು. ಬೀಗರು ಸಾಲಾಗಿ ಕೂತರು. ಕಾಕಾನ ಕೀರ್ತಿ ಅವರ ಊರಿಗೂ ಮುಟ್ಟಿತ್ತೆಂದು ಕಾಣುತ್ತದೆ, ಎಲ್ಲರೂ ಮೊದಲೇ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು! ಅನ್ನ ಬಂತು, ತೊವ್ವೆ ಬಂತು. ಇನ್ನು ತುಪ್ಪ ಬರಬೇಕು. ನಾನು ಕಾಕಾನ ಮುಖ ನೋಡಿದೆ. ಬೆವರುತ್ತಿದ್ದರು.

"ಆಗ್ತದ ಏನ್ರಿ ಕಾಕಾ?"

"ನಿಮ್ಮ ಕಾಕು ಎಲ್ಲಿ?"

"ಒಳಗ ಹೋಳಿಗಿ ಎಣಸಲಿಕ್ಕೆ ಹತ್ಯಾರ."

"ಕರಕೊಂಡ ಬಾ. ಈ ಪಂಕ್ತಿಗೆ ಕೂಡಸು."

ನಾನು ಓಡಿದೆ. ಕಾಕು ಕೇಳಬೇಕಲ್ಲ! "ಹುಚ್ಚಿ ಏನ ನೀ? ಬೀಗರ ಪಂಕ್ತಿ ಅದ! ನಂದು ಕಡೀಕ ಆಗ್ತದ, ನಡಿ" ಎಂದು ಕೊಸರಾಡಿದರು. ನಾನು ಬಿಡದೆ ಎಳೆದು ತಂದು, ಸಾಲಿನ ಕೊನೆಗೆ ಒಂದು ಎಲೆ ಹಾಕಿಸಿ, ಭುಜ ಒತ್ತಿ ಕೂಡಿಸಿದೆ. ಕಾಕು ನಾಚಿಕೆಯಿಂದ ತಲೆ ತಗ್ಗಿಸಿ ಕೂತರು.

ಕಾಕಾ ಕೋಲನ್ನು ನನ್ನ ಕೈಗೆ ಕೊಟ್ಟರು. ಶಲ್ಯ ಸೊಂಟಕ್ಕೆ ಬಿಗಿದರು. "ಇಷ್ಟ ವರ್ಷ ಊರ ಎಲಿಗೆಲ್ಲಾ ಬಡಿಸಿದೆ ತಂಗಿ, ಇಕಿ ಎಲಿ ನನಗ ಕಾಣಲೇ ಇಲ್ಲ. ಕಡೀ ಪಂಕ್ತಿ ನಂದು ಅಂತ ಅಕಿ ಅಂದಾಗ ಎಲ್ಲಾರಕಿಂತ ಜೋರ ನಕ್ಕಾಂವ ನಾನ" ಎಂದರು.

"ತುಪ್ಪಾ..." ಹಳೆಯ ದನಿ ಕಾರ್ಯಾಲಯ ತುಂಬಿತು! ಮೊದಲ ಎಲೆಯ ಬೀಗರು ಎರಡೂ ಕೈ ಅಡ್ಡ ಹಿಡಿದರು. ಕಾಕಾ ಅವರನ್ನು ನೋಡಲೇ ಇಲ್ಲ, ದಾಟಿದರು! ಎರಡನೆಯವರನ್ನು ದಾಟಿದರು, ಮೂರನೆಯವರನ್ನು ದಾಟಿದರು. ಅಡ್ಡ ಹಿಡಿದ ಕೈಗಳೆಲ್ಲ ಪೆಚ್ಚಾಗಿ ಮಡಿಲಿಗೆ ಇಳಿದವು. ಅಯ್ಯೋ ದೇವರೇ, ಬೀಗರನ್ನು ಬಿಟ್ಟು ಹೋಗುತ್ತಿದ್ದಾರಲ್ಲ, ನನ್ನ ಮಗಳ ಗತಿ ಏನು! ಎಂದು ನನ್ನ ಜೀವ ಬಾಯಿಗೆ ಬಂತು. ಕಾಕಾ ಕುಂಟುತ್ತ, ಒಂದೊಂದೇ ಹೆಜ್ಜೆ ಇಡುತ್ತ ಸಾಲಿನ ಕೊನೆ ಮುಟ್ಟಿದರು.

ಬಗ್ಗಬೇಕು, ಹರಡು ಬಾಗುತ್ತಿಲ್ಲ. ಹಿಡಿದುಕೊಳ್ಳಲು ಅಲ್ಲಿ ಗೋಡೆಯಿಲ್ಲ, ಕಂಬವಿಲ್ಲ. ಕಾಕಾ ಅಷ್ಟು ಜನರ ಎದುರಿಗೆ ಎಡಗೈಯನ್ನು ಕಾಕುವಿನ ಹೆಗಲ ಮೇಲೆ ಊರಿದರು. ಕಾಕು ಹೆಗಲನ್ನು ಗಟ್ಟಿ ಮಾಡಿ ಕೊಟ್ಟು ಕೂತರು. ಕಾಕಾ ಮೆಲ್ಲಗೆ ಬಗ್ಗಿದರು. ಬಿಸಿ ಅನ್ನದ ಮೇಲೆ ತುಪ್ಪ ಇಳಿಯಿತು.

ನಾನು ಕೋಲನ್ನು ಎದೆಗವಚಿಕೊಂಡು ಅಳುತ್ತ ನಿಂತಿದ್ದೆ. ಎದುರು ಸಾಲಿನವರು ತಮ್ಮ ಎಲೆ ಮರೆತು ನೋಡುತ್ತಿದ್ದರು. ಆಗ ಕಾಕಾ, ಜನ್ಮದಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳಿದರು.

"ಸಾಕೇನು?"

ಕಾಕು ತಲೆ ಎತ್ತಲಿಲ್ಲ. ಕಣ್ಣೀರು ಎಲೆಗೆ ಬೀಳದಂತೆ ಸೆರಗಿನಿಂದ ಒತ್ತಿಕೊಂಡರು.

"ಇನ್ನಷ್ಟು ಹಾಕ್ರಿ" ಎಂದರು.